ಪಟ್ಟದ ರೊಟ್ಟಿ

ಫ್ರಾನ್ಸಿನ ಅರಸ ತೀರಿಕೊಂಡ ಸುದ್ದಿ ಬಂದಾಗ ಇಂದು ಎಂಬಾಕೆ ನೀರುದೋಸೆ ಹೊಯ್ಯುತ್ತಿದ್ದಳು. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಎವರ್‌ಗ್ರೀನಿನ ಗುಡ್ಡದ ಇಳಿಜಾರಿನಲ್ಲಿದ್ದ ಆ ಮನೆ ಅವಳ ಅಣ್ಣ ಗುಣಪಾಲನದು. ಗಂಡ ಸತ್ತ ಮೇಲೆ ಚಿಕ್ಕ ಮಗಳು ತನ್ವಿಯನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದವಳು ಮತ್ತೆ ಎಲ್ಲೂ ಹೋಗಿರಲಿಲ್ಲ. ಅಡುಗೆಮನೆ ಅವಳದೇ ರಾಜ್ಯ.

"ಹೋದ್ರಂತೆ," ಎಂದ ಗುಣಪಾಲ ಟೀವಿಯ ಎದುರಿನಿಂದ.

ಇಂದು ಒಲೆ ಆರಿಸಿ ಹಿಟ್ಟಿನ ಪಾತ್ರೆ ಮುಚ್ಚಿಟ್ಟಳು. ಫ್ರಾನ್ಸಿನ ಯಾವುದೇ ಅರಸ ಸತ್ತ ದಿನ ಮನೆಯಲ್ಲಿ ಒಲೆ ಹಚ್ಚಬಾರದೆಂಬುದು ಅವರ ತಾಯಿ ಪಾಲಿಸಿಕೊಂಡು ಬಂದ ನಿಯಮ. ಗುಣಪಾಲನ ಸೊಸೆ ಸೋನಾಲಿ ಮಧ್ಯಾಹ್ನ ಎಲ್ಲರಿಗೂ ಪಿಜ್ಜಾ ತರಿಸಿದಳು. ಇದು ಸೂತಕದ ಪಿಜ್ಜಾ ಎಂದು ಅವಳ ಗಂಡ, ಗುಣಪಾಲನ ಮಗ ಯತೀಶ ತಮಾಷೆ ಮಾಡಿದ. ಗುಣಪಾಲ ನಗಲಿಲ್ಲ.

ಬೀದಿಯ ಉಳಿದ ಮನೆಗಳಿಗೆ ಸತ್ತವನು ಯಾವುದೋ ದೇಶದ ಒಬ್ಬ ಮುದುಕ. ಈ ಮನೆಗೆ ಹಾಗಲ್ಲ. ಫ್ರಾನ್ಸಿನ ವಾಲ್ವಾ ಅರಸರಿಗೂ ಮಂಗಳೂರಿನ ಇವರ ಗುತ್ತಿನ ಮನೆಗೂ, ಎಂದರೆ ಊರಿನ ಹಿರಿಮನೆಗೂ, ಬಹಳ ಹಳೆಯ ನಂಟು. ಆ ಅರಮನೆಯಲ್ಲಿ ಒಂದು ಕಾಲಕ್ಕೆ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಪಟ್ಟವೇರಿ, ಗಂಡುಸಂತಾನವಿಲ್ಲದೆ ಸತ್ತರಂತೆ. ಮನೆತನ ಮುಗಿಯಿತು ಎಂದು ಊರೆಲ್ಲ ಲೆಕ್ಕ ಹಾಕಿದಾಗ ವಿಧವೆ ರಾಣಿಯೊಬ್ಬಳು ಗಂಡು ಹೆತ್ತಳಂತೆ. ಆ ಒಂದು ಕೂಸಿನಿಂದ ವಂಶ ಇವತ್ತಿನವರೆಗೂ ಎಳೆದುಕೊಂಡು ಬಂದಿದೆ. ಆ ಕೂಸಿನ ಮಗನ ಕಾಲದಲ್ಲಿ ಫ್ರೆಂಚ್ ಹಡಗು ಮಂಗಳೂರಿಗೆ ಬಂತು. ಗುತ್ತಿನ ಮನೆಯ ಬಳ್ಳಿಯ ಕರಿಮೆಣಸು, ಇವರ ಬಾಯಲ್ಲಿ ಒಳ್ಳೆಮೆಣಸು, ಅರಮನೆಯ ಅಡುಗೆಗೆ ಹೋಯಿತು. ಅಂದಿನಿಂದ ಹೊಸ ಅರಸನಿಗೆ ಪಟ್ಟವಾದ ದಿನ ಈ ಮನೆಯ ಒಬ್ಬರು ಅವನ ಪಕ್ಕದಲ್ಲಿ ನಿಂತು ಮೆಣಸು ಕುಟ್ಟಬೇಕು, ವಿಷವಿಲ್ಲ ಎನ್ನಲು ತಾವೇ ಮೊದಲು ಒಂದು ಚಿಟಿಕೆ ತಿನ್ನಬೇಕು, ಆಮೇಲೆ ಅವನ ರೊಟ್ಟಿಗೆ ಉದುರಿಸಬೇಕು. ಅರಸ ಅರ್ಧ ತಿಂದು ಉಳಿದರ್ಧ ಇವರಿಗೆ ಕೊಡುತ್ತಾನೆ. ಆ ರೊಟ್ಟಿಯನ್ನು ಮನೆಗೆ ತಂದು ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಬೇಕು. ಅವಳು ತಿಂದ ಮೇಲೆಯೇ ಉಳಿದವರಿಗೆ. ಒಬ್ಬರು ಈ ಕೆಲಸ ಮಾಡುವುದು ಬದುಕಿನಲ್ಲಿ ಒಂದೇ ಸಲ. ಹೋದ ಪಟ್ಟಕ್ಕೆ ಗುಣಪಾಲ ಕುಟ್ಟಿದ್ದ. ಆಗ ಅವನ ತಲೆಕೂದಲು ಕಪ್ಪಗಿತ್ತು.

ಇಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗುಣಪಾಲನ ಮನೆಯದು ಅಳಿಯಸಂತಾನ. ಅಲ್ಲಿ ಮನೆ ಮುಂದುವರಿಯುವುದು ಹೆಣ್ಣಿನಿಂದ. ಮಾವನ ಹಕ್ಕು ಸಹೋದರಿಯ ಮಕ್ಕಳಿಗೆ; ಸ್ವಂತ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. ಫ್ರೆಂಚರದ್ದೋ ಅಪ್ಪನಿಂದ ಮಗನಿಗೆ, ಮಗನಿಂದ ಅವನ ಮಗನಿಗೆ. ಅವರಿಗೆ ಇದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ಇವರ ಮೊದಲ ಹಿರಿಯನಿಗೆ ಇರಲಿಲ್ಲ. ತಂಗಿಯ ಮಗನನ್ನು ಮುಂದೆ ತಳ್ಳಿ, "ಇವ ನನ್ನ ಮಗ" ಎಂದುಬಿಟ್ಟ. ಆಮೇಲಿನವರೂ ಅದೇ ಸುಳ್ಳು ಹೇಳಿಕೊಂಡು ಬಂದರು. ಗುಣಪಾಲನನ್ನೂ ಅವನ ಸೋದರಮಾವ ಜಯರಾಮ್ ಹಾಗೆಯೇ ತೋರಿಸಿದ್ದ. ಸುಳ್ಳು ಅರಮನೆಗೆ, ನಿಜ ಮನೆಗೆ. ಯಾರಿಗೂ ನಷ್ಟವಿರಲಿಲ್ಲ.

ಗುಣಪಾಲನಿಗೆ ಇದ್ದವಳು ಇಂದು ಒಬ್ಬಳೇ ತಂಗಿ, ಇಂದುವಿಗೆ ತನ್ವಿ ಒಬ್ಬಳೇ ಮಗಳು. ಈ ಸಲದ ಸರದಿ ತನ್ವಿಯದು ಎಂಬುದು ಅವಳು ಹುಟ್ಟಿದಾಗಲೇ ತೀರ್ಮಾನವಾಗಿತ್ತು. ಅತ್ತ ಸತ್ತ ಅರಸನಿಗೂ ಮಗಳೊಬ್ಬಳೇ. ವಂಶ ಉಳಿಯಲಿ ಎಂದು ಫ್ರೆಂಚರು ತಮ್ಮ ಹಳೆಯ ಕಾನೂನನ್ನೇ ತಿದ್ದಿ, ಹೆಣ್ಣಿಗೆ ಪಟ್ಟ ಕಟ್ಟಲು ಒಪ್ಪಿದ್ದರು. ಇಂದುವಿಗೆ ಅದು ಹಬ್ಬದ ಸುದ್ದಿಯಾಗಿತ್ತು.

ಅವಳು ಗರಾಜಿಗೆ ಹೋಗಿ ಬಳ್ಳಿ ನೋಡಿದಳು. ಊರಿನಿಂದ ಬರುವಾಗ ಸೀರೆಯ ಮಡಿಕೆಯಲ್ಲಿ ಕದ್ದು ತಂದ ಬಳ್ಳಿ ಅದು. ಕಾರು ನಿಲ್ಲಬೇಕಾದ ಜಾಗದಲ್ಲಿ ಹೀಟರು, ದೀಪ, ಒದ್ದೆ ಗೋಣಿ ಎಲ್ಲ ಜೋಡಿಸಿ ಕೂಸಿನ ಹಾಗೆ ಸಾಕಿದ್ದಳು. ಕಾರು ವರ್ಷವಿಡೀ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಕರೆಂಟಿನ ಬಿಲ್ಲು ಬಂದಾಗಲೆಲ್ಲ ಆಶಾಲತಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ಆಶಾಲತಾ ಎಂದರೆ ಗುಣಪಾಲನ ಹೆಂಡತಿ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.

ಪಾಲೋ ಆಲ್ಟೋದ ಆಫೀಸಿನಲ್ಲಿದ್ದ ತನ್ವಿಗೆ ಇಂದು ಫೋನು ಮಾಡಿದಳು.

"ಲೀವ್ ಹಾಕ್ತೀನಮ್ಮಾ," ಎಂದಳು ತನ್ವಿ. "ಕೈ ಪ್ರಾಕ್ಟೀಸ್ ತಪ್ಪಿದೆ. ಸಂಡೇ ಬರ್ತೀನಿ, ಕುಟ್ಟೋಣ."

ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋದ ಫ್ರೆಂಚ್ ಕಚೇರಿಯಿಂದ ಗುಣಪಾಲನಿಗೆ ಕರೆ ಬಂತು. ಯತೀಶ ಕಾರಿನಲ್ಲಿ ಕರೆದುಕೊಂಡು ಹೋದ. ಅಪ್ಪನನ್ನು ಬಾಗಿಲಲ್ಲಿ ಇಳಿಸಿ ಅವನು ಪಾರ್ಕಿಂಗು ಹುಡುಕಲು ಹೋದಾಗ ಒಳಗಿನ ಅಧಿಕಾರಿ ಹೆಂಗಸು ಗುಣಪಾಲನಿಗೆ ಕಾಫಿ ಕೊಟ್ಟು, ಈಗಿನ ಕಾಲಕ್ಕೆ ಭದ್ರತೆಯ ತಲೆನೋವು ಜಾಸ್ತಿ, ರಾಣಿಯ ಪಕ್ಕದಲ್ಲಿ ನಿಲ್ಲುವವರ ಜನನದ ದಾಖಲೆ ಬೇಕಾಗುತ್ತದೆ ಎಂದು ನಯವಾಗಿ ತಿಳಿಸಿದಳು. ನಿಮ್ಮ ನಂತರ ಯಾರು ಎಂದು ಕೇಳಿದಳು.

ಗುಣಪಾಲನಿಗೆ ಬೆವರು ಬಂತು. ತನ್ವಿಯನ್ನು ಮಗಳು ಎಂದರೆ ದಾಖಲೆ ಸುಳ್ಳು ಹೇಳುವುದಿಲ್ಲ. ತಂಗಿಯ ಮಗಳು ಎಂದು ನಿಜ ಹೇಳಿದರೆ ಹಿಂದಿನವರೆಲ್ಲ ಸುಳ್ಳುಗಾರರಾಗುತ್ತಾರೆ, ತಾನೂ ಆಗುತ್ತಾನೆ. ಅರಮನೆಯವರು ಇನ್ನು ಸಾಕು ಎಂದರೆ ಮರ್ಯಾದೆಯೇ ಕೈತಪ್ಪುತ್ತದೆ. ಆ ಹೊತ್ತಿಗೆ ಯತೀಶ ಕಾರಿನ ಕೀ ತಿರುಗಿಸುತ್ತ ಒಳಗೆ ಬಂದ. ಗುಣಪಾಲ ಅವನತ್ತ ಕೈ ತೋರಿಸಿ, ಮಗ ಎಂದ. ಆ ಮನೆಯವರ ಬಾಯಿಂದ ಫ್ರೆಂಚರೆದುರು ಬಂದ ಮೊದಲ ನಿಜ ಅದು. ಹೆಂಗಸು ಎದ್ದು ಬಂದು ಯತೀಶನ ಕೈ ಕುಲುಕಿದಳು.

"ಅಪ್ಪಾ, ತನ್ವಿ?" ಎಂದ ಯತೀಶ ಕಾರಿನಲ್ಲಿ.

"ಆಮೇಲೆ ನೋಡುವ. ನಾನೇ ಹೇಳ್ತೇನೆ."

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಶಾಲತಾ ಎದ್ದು ಶ್ಯಾವಿಗೆ ಪಾಯಸ ಮಾಡಿದಳು. ಏನು ವಿಶೇಷ ಅತ್ತಿಗೆ ಎಂದು ಇಂದು ಕೇಳಿದರೆ, ಹಾಲು ಹಾಳಾಗುತ್ತಿತ್ತು ಎಂದಳು. ಇಂದು ಎರಡು ಸಲ ಹಾಕಿಸಿಕೊಂಡು ತಿಂದಳು.

ಗುಣಪಾಲ ಹೇಳಲಿಲ್ಲ. ಬೆಳಿಗ್ಗೆ ಹೇಳಿದರೆ ತಂಗಿಯ ದಿನ ಕೆಡುತ್ತದೆ ಎಂದುಕೊಂಡ, ಸಂಜೆ ಹೇಳಿದರೆ ನಿದ್ದೆ ಕೆಡುತ್ತದೆ ಎಂದುಕೊಂಡ. ಭಾನುವಾರ ತನ್ವಿ ಬಂದು ಗರಾಜಿನಲ್ಲಿ ಕೂತು ಕುಟ್ಟಿದಳು. ತೀರಾ ಹುಡಿಯಾಗಬಾರದು, ಕಾಳೂ ಉಳಿಯಬಾರದು, ಕುಟ್ಟುವಾಗ ಒಂದು ಹರಳೂ ಹೊರಗೆ ಸಿಡಿಯಬಾರದು. ಕಂಚಿನ ಕುಟ್ಟಾಣಿಯ ಸದ್ದು ನಡುಮನೆಯವರೆಗೂ ಬರುತ್ತಿತ್ತು. ಗುಣಪಾಲ ಟೀವಿಯ ದನಿ ಏರಿಸಿದ. ಅಷ್ಟು ದೊಡ್ಡ ಮನುಷ್ಯ, ಅಷ್ಟು ಸಣ್ಣ ಕೆಲಸ.

ಗುಟ್ಟು ಬಿಚ್ಚಿದವಳು ಸೋನಾಲಿ. ಪಾಪ, ಅವಳಿಗೆ ಅದು ಗುಟ್ಟು ಎಂಬುದೇ ಗೊತ್ತಿರಲಿಲ್ಲ. ಅವಳು ಕಾರವಾರದ ಕಡೆಯವಳು, ತುಳು ಬರದು. ಅವಳಿಗಾಗಿಯೇ ಊಟದ ಹೊತ್ತಿಗೆ ಎಲ್ಲರೂ ಕನ್ನಡ ಆಡುತ್ತಿದ್ದರು. ಇನ್ನೊಂದು ಭಾನುವಾರ ಎಲ್ಲರೂ ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಹೊಯ್ಯುವ ಕೋರಿರೊಟ್ಟಿಗೆ ಕೂತಿದ್ದಾಗ ಅವಳು ಮಾವನ ಕಡೆ ತಿರುಗಿದಳು.

"ಮಾವ, ಯತೀಶನ ಕೋಟಿನ ಅಳತೆ ಈ ವಾರ ಕೊಡದಿದ್ರೆ ಪಟ್ಟದ ದಿನಕ್ಕೆ ರೆಡಿ ಆಗೋದಿಲ್ಲ."

ಇಂದುವಿನ ಕೈಯಲ್ಲಿ ಸೌಟು ಇತ್ತು. ಸಾರು ತನ್ವಿಯ ತಟ್ಟೆಗೆ ಬೀಳುವುದರ ಬದಲು ಮೇಜಿನ ಮೇಲೆ ಬಿತ್ತು.

"ಯತೀಶನಿಗೆ ಎಂತಕ್ಕೆ ಕೋಟು?"

ಯತೀಶ ಅಪ್ಪನನ್ನು ನೋಡಿದ. ಕೊನೆಗೆ ಗುಣಪಾಲ ಎಲ್ಲ ಹೇಳಿದ: ಕಚೇರಿ, ದಾಖಲೆ, ಬೆವರು. ಹೇಳುವಾಗ ರೊಟ್ಟಿ ಮುರಿಯುತ್ತಲೇ ಇದ್ದ, ಒಂದು ತುಂಡೂ ಬಾಯಿಗೆ ಹೋಗಲಿಲ್ಲ.

"ನಿಜ ಹೇಳಬಹುದಿತ್ತಲ್ಲ ಮಾಮ," ಎಂದಳು ತನ್ವಿ.

"ಹೇಳಿದ್ರೆ ಬಾಗಿಲು ಹಾಕ್ತಿದ್ರು ಮಗಾ. ನಿನಗೂ ಇಲ್ಲ, ಇವನಿಗೂ ಇಲ್ಲ. ಹಿರಿಯರು ಉಳಿಸಿಕೊಂಡು ಬಂದದ್ದು ನನ್ನ ಕೈಯಲ್ಲಿ ಹೋಗ್ತಿತ್ತು."

"ಈಗ ಹೋಗ್ಲಿಲ್ವಾ?"

ಆಶಾಲತಾ ಲೋಟ ಕೆಳಗಿಟ್ಟಳು. ಇಷ್ಟು ವರ್ಷ ಫ್ರಿಜ್ಜಿಗೆ ಬಿಲ್ಲು ಅಂಟಿಸಿ ಸುಮ್ಮನಿದ್ದವಳು ಆ ದಿನ ಸುಮ್ಮನಿರಲಿಲ್ಲ. "ನನ್ನ ಮಗ ಹುಟ್ಟಿದ್ದು ಈ ಮನುಷ್ಯನಿಗೆ. ಆದ್ರೂ ದೈವದ ಮುಂದೆ ಅವನಿಗೆ ಜಾಗ ಇಲ್ಲ, ಗುತ್ತಿನ ಮನೆಯಲ್ಲಿ ಚಾಪೆ ಇಲ್ಲ. ಒಂದು ಸಲ, ಒಂದೇ ಸಲ ಅವನ ಹೆಸರು ಕರೀಲಿ ಅಂತ ನನಗೆ ಅನ್ನಿಸಿದ್ರೆ ತಪ್ಪಾ ಇಂದು?"

"ಅನ್ನಿಸಿದ್ದು ತಪ್ಪಲ್ಲ ಅತ್ತಿಗೆ," ಎಂದಳು ಇಂದು. ಅವಳ ದನಿ ಏರಿರಲಿಲ್ಲ. ಬಟ್ಟೆ ತಂದು ಮೇಜು ಒರೆಸಿದಳು. "ನನ್ನ ಹತ್ರ ಒಂದು ಮಾತು ಕೇಳಬಹುದಿತ್ತು ಅಣ್ಣ. ಪಾಯಸ ತಿನ್ನಿಸುವ ಮೊದಲು."

ತನ್ವಿ ಕೈ ತೊಳೆದು ಬಂದು ಕೀ ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು, "ಅವರು ಮಗಳಿಗೆ ಕೊಡೋದಕ್ಕೆ ಕಾನೂನನ್ನೇ ಬದಲಾಯಿಸಿದ್ರು ಮಾಮ. ನಾವು ಏನೂ ಬದಲಾಯಿಸದೆ ಸುಮ್ನಿದ್ರೆ ಸಾಕಿತ್ತು," ಎಂದಳು. ಆಮೇಲೆ ಹೋದಳು. ಕೋರಿರೊಟ್ಟಿ ತಟ್ಟೆಗಳಲ್ಲಿ ಮೆತ್ತಗಾಯಿತು.

ಆಮೇಲಿನ ವಾರಗಳಲ್ಲಿ ಅಡುಗೆ ನಿಲ್ಲಲಿಲ್ಲ. ಇಂದು ಮೊದಲಿನ ಹಾಗೆಯೇ ಬೇಯಿಸಿ ಬಡಿಸಿದಳು. ತಾನು ಮಾತ್ರ ಎಲ್ಲರದೂ ಆದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಂಡಳು. ಅಣ್ಣನಿಗೆ ಬಿಪಿ ಮಾತ್ರೆ ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದಳು, ತಗೋ ಎನ್ನುತ್ತಿರಲಿಲ್ಲ. ಗುಣಪಾಲ ಒಂದೆರಡು ಸಲ ಉಪ್ಪು ಸರಿಯಾಗಿದೆ ಎಂದು ಹೊಗಳಿ ನೋಡಿದ. ಉಪ್ಪಿನ ಮಾತಿಗೆ ಯಾರು ಏನು ಉತ್ತರ ಕೊಡುತ್ತಾರೆ?

ಯತೀಶ ಒಂದು ಸಂಜೆ ಸ್ಯಾನ್ ರಮೋನಿನ ಆಫೀಸಿನಿಂದ ಬಂದವನೇ, ಬ್ಯಾಗು ಹೆಗಲಲ್ಲಿರುವಾಗಲೇ ಗರಾಜಿಗೆ, ಇಂದುವಿನ ಬಳಿಗೆ ಹೋದ.

"ಅತ್ತೆ, ನಾನು ಹೋಗಲ್ಲ ಅಂತ ಅವರಿಗೆ ಮೇಲ್ ಹಾಕ್ತೀನಿ. ನನಗೆ ಇದು ಬೇಡ."

"ಹೆಸರು ಕೊಟ್ಟಾಯ್ತಲ್ಲ. ಇನ್ನು ನೀನೂ ಹೋಗದಿದ್ರೆ ರಾಣಿಯ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕೂತ್ಕೋ."

"ನನಗೆ ಕುಟ್ಟೋಕೆ ಬರಲ್ಲ."

"ಅದಕ್ಕೇ ಕೂತ್ಕೋ ಅಂದದ್ದು. ಅಷ್ಟು ಜನರ ಎದುರು ನೀನು ಹರಳು ಸಿಡಿಸಿದ್ರೆ ನಗುವುದು ನನ್ನ ತಾಯಿಯ ಮನೆಯನ್ನು ನೋಡಿ."

ಹೀಗೆ ಇಂದು ತನ್ನ ಮಗಳಿಗೆ ಕಲಿಸಿದ್ದನ್ನು ಅಣ್ಣನ ಮಗನಿಗೂ ಕಲಿಸಿದಳು. ಯತೀಶನ ಕೈ ಕೀಬೋರ್ಡಿಗೆ ಪಳಗಿದ ಕೈ. ಮೊದಮೊದಲು ಮೆಣಸು ಗರಾಜಿನ ತುಂಬ ಹಾರಿತು. ಇಂದು ಒಂದೊಂದೇ ಹೆಕ್ಕಿ ಮತ್ತೆ ಕುಟ್ಟಾಣಿಗೆ ಹಾಕಿದಳು. ಅಂಗಡಿಯ ಮೆಣಸಿನಲ್ಲಿ ಅಭ್ಯಾಸ ಮಾಡಿದರಾಗದೇ ಎಂದು ಸೋನಾಲಿ ಕೇಳಿದ್ದಕ್ಕೆ, ಅದರ ಕಾಳು ಬೇರೆ, ಕೈ ದಾರಿ ತಪ್ಪುತ್ತದೆ ಎಂದಳು.

ಗುಣಪಾಲ ಗರಾಜಿನ ಬಾಗಿಲವರೆಗೆ ಬಂದು ಇದನ್ನು ನೋಡಿದ. ಅವನಿಗೆ ತಡೆಯಲಾಗಲಿಲ್ಲ. ರೂಮಿಗೆ ಹೋಗಿ ಫ್ರೆಂಚ್ ಕಚೇರಿಗೆ ಫೋನು ಮಾಡಿದ. ನಾನು ಜಯರಾಮನ ಮಗನಲ್ಲ, ಅವರ ತಂಗಿಯ ಮಗ, ನನ್ನ ತಂಗಿಗೂ ಒಬ್ಬ ಮಗಳಿದ್ದಾಳೆ ಎಂದು ಹೇಳಲು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದ. ಅದೇ ಹೆಂಗಸು ಅಕ್ಕರೆಯಿಂದ ಹಲೋ ಎಂದಳು. ಗುಣಪಾಲ, ಅಲ್ಲಿ ಪಟ್ಟದ ಹೊತ್ತಿಗೆ ಚಳಿ ಇರುತ್ತದೆಯೇ, ಮಗನಿಗೆ ಉಣ್ಣೆಯ ಕೋಟು ಬೇಕಾಗುತ್ತದೆಯೇ ಎಂದು ಕೇಳಿದ. ಬೇಕಾಗುತ್ತದೆ ಎಂದಳು ಅವಳು. ಥ್ಯಾಂಕ್ಸ್ ಹೇಳಿ ಇಟ್ಟ. ಆ ಫೋನನ್ನು ಆಮೇಲೆ ಅವನು ಎಷ್ಟು ಸಲ ನೆನೆಸಿಕೊಂಡನೋ ಅವನಿಗೇ ಗೊತ್ತು.

ಹೊರಡುವ ದಿನ ಮೆಣಸನ್ನು ಮನೆಯ ಹೆಣ್ಣೇ ಕೈಯಾರೆ ಕೊಡಬೇಕು. ಇಂದು ಮಿಂದು, ಕೆಂಪು ರೇಷ್ಮೆಯ ಚೀಲಕ್ಕೆ ಒಣಗಿದ ಮೆಣಸು ತುಂಬಿ, ಯತೀಶನ ಕೈಯಲ್ಲಿಟ್ಟಳು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಚೆನ್ನಾಗಿ ಕುಟ್ಟು ಎಂದಳು. ಕಾರು ಏರ್‌ಪೋರ್ಟಿಗೆ ಹೋಯಿತು. ಅದು ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ತನ್ವಿಯ ಕಾರು ಬಂದು ಅದೇ ಜಾಗದಲ್ಲಿ ನಿಂತಿತು. ಇಂದುವಿನ ಸೂಟ್‌ಕೇಸುಗಳು ಆಗಲೇ ಬಾಗಿಲ ಬಳಿ ಇದ್ದವು.

"ಎಲ್ಲಿಗೆ?" ಎಂದ ಗುಣಪಾಲ.

"ಮಗಳ ಅಪಾರ್ಟ್‌ಮೆಂಟಿಗೆ. ಸಣ್ಣದು, ಆದ್ರೂ ಒಬ್ಬಳಿಗೆ ಜಾಗ ಉಂಟಂತೆ."

"ಬಳ್ಳಿ?"

"ಬಳ್ಳಿ ಮನೆಯದ್ದು. ನೀರು ಜಾಸ್ತಿ ಹಾಕಬೇಡ, ಬೇರು ಕೊಳೀತದೆ." ಸೋನಾಲಿಯ ಕೆನ್ನೆ ಸವರಿ, ಆಶಾಲತಾಗೆ ಹೋಗಿಬರುತ್ತೇನೆ ಅತ್ತಿಗೆ ಎಂದು ಹೇಳಿ ಕಾರು ಹತ್ತಿದಳು. ಗುಣಪಾಲ ಸೂಟ್‌ಕೇಸು ಎತ್ತಿ ಡಿಕ್ಕಿಗೆ ಇಟ್ಟ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ, ಅದು ಭಾರವಿತ್ತು, ಎತ್ತಿ ಇಟ್ಟ.

ಪಟ್ಟದ ದಿನ ಬೆಳಿಗ್ಗೆ ಎಲ್ಲರೂ ಟೀವಿಯ ಮುಂದೆ ಕೂತರು. ಆಶಾಲತಾ ರೇಷ್ಮೆ ಸೀರೆ ಉಟ್ಟಿದ್ದಳು. ತಿಂಡಿಗೆ ಸೋನಾಲಿ ಮಾಡಿದ ಉಪ್ಪಿಟ್ಟು ಗಂಟುಗಂಟಾಗಿತ್ತು. ದೊಡ್ಡ ಇಗರ್ಜಿಯ ಪೂಜೆ ಮುಗಿದು, ರಾಣಿಯ ಊಟದ ಮೇಜಿನ ಪಕ್ಕದಲ್ಲಿ ಉಣ್ಣೆಯ ಕೋಟಿನ ಯತೀಶ ಕಾಣಿಸಿದ. ಅರಮನೆಯಲ್ಲಿ ಹೆಸರು ಕೂಗುವ ಕೆಲಸದವನು ಎದ್ದು ಗಟ್ಟಿಯಾಗಿ ಕರೆದ: ಜಯರಾಮನ ಮಗ ಗುಣಪಾಲ, ಗುಣಪಾಲನ ಮಗ ಯತೀಶ. ಆಶಾಲತಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಯತೀಶ ಕುಟ್ಟಿದ, ಚಿಟಿಕೆ ಬಾಯಿಗೆ ಹಾಕಿಕೊಂಡ, ರಾಣಿಯ ರೊಟ್ಟಿಗೆ ಉದುರಿಸಿದ. ಒಂದು ಹರಳೂ ಸಿಡಿಯಲಿಲ್ಲ. ಗುಣಪಾಲ ಮಗನ ಕೈಯನ್ನೇ ನೋಡಿದ. ಅದು ಇಂದು ಹಿಡಿದು ತಿದ್ದಿದ ಕೈ. ತಾನು ಕುಟ್ಟಿದ ಸಲವೂ ಹೀಗೆಯೇ ಸುಳ್ಳು ಕೂಗಿದ್ದರು. ಆದರೆ ಆಗ ಅವನು ರೊಟ್ಟಿ ತರುವುದನ್ನೇ ಕಾಯುತ್ತ ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವನು ಉಪ್ಪಿಟ್ಟನ್ನು ಹಾಗೆಯೇ ಬಿಟ್ಟ.

ಯತೀಶ ಮರಳಿ ಬಂದ ದಿನ ಸಂತೋಷದ ಮುಖ ಮಾಡಿರಲಿಲ್ಲ. ಬೂಟು ಬಿಚ್ಚುತ್ತ, ಅಲ್ಲಿಯ ಅರಮನೆಯ ಉಸ್ತುವಾರಿ ನೋಡಿಕೊಳ್ಳುವವನ ವಿಷಯ ಹೇಳಿದ. ವಯಸ್ಸಾದವನಂತೆ. ಅವನ ಅಪ್ಪ, ಅಜ್ಜ ಎಲ್ಲ ಅದೇ ಕೆಲಸದವರಂತೆ.

"ನನ್ನನ್ನ ಪಕ್ಕಕ್ಕೆ ಕರ್ದು ಮೆಲ್ಲಗೆ ಕೇಳ್ದ ಅಪ್ಪಾ. 'ನೀನು ಗುಣಪಾಲರ ತಂಗಿ ಮಗ ತಾನೆ?' ಅಂತ."

ಗುಣಪಾಲ ಕುರ್ಚಿಯ ಕೈ ಹಿಡಿದುಕೊಂಡ.

"ಅವರಿಗೆ ಮೊದಲಿನಿಂದ್ಲೂ ಗೊತ್ತಿತ್ತಂತೆ. 'ನೀವು ಮಗ ಅಂತ ಹೇಳ್ತಿದ್ರಿ, ನಾವು ಮಗ ಅಂತ ಕೂಗ್ತಿದ್ವಿ. ನಿಮ್ಮ ಮನೆ ರೀತಿ ನಿಮ್ಮದು' ಅಂದ. ನಾನು, ಇಲ್ಲ, ನಾನು ನಿಜವಾಗ್ಲೂ ಮಗನೇ ಅಂದೆ. ಆಗ ಅವನು, ಗುಣಪಾಲರಿಗೆ ತಂಗಿ ಇಲ್ವಾ ಅಂತ ಕೇಳ್ದ."

"ಎಂತ ಹೇಳಿದಿ?"

"ಇದ್ದಾರೆ ಅಂದೆ."

ರೊಟ್ಟಿ ಬಿಳಿ ರೇಷ್ಮೆಯಲ್ಲಿ ಸುತ್ತಿತ್ತು. ಮರುದಿನ ಅಪ್ಪ ಮಗ ಇಬ್ಬರೂ ಅದನ್ನು ತೆಗೆದುಕೊಂಡು ಪಾಲೋ ಆಲ್ಟೋಗೆ ಹೋದರು. ಫ್ರೀವೇಯ ಉದ್ದಕ್ಕೂ ಗುಣಪಾಲ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಇಂದು ಬಾಗಿಲು ತೆಗೆದಳು. ಒಳ್ಳೆಯ ಕಾಫಿ ಮಾಡಿ ಕೊಟ್ಟಳು, ಜೊತೆಗೆ ಒಂದು ತಟ್ಟೆ ಬಿಸ್ಕತ್ತು. ಮನೆಯವರಿಗೆ ಯಾರೂ ಬಿಸ್ಕತ್ತನ್ನು ತಟ್ಟೆಯಲ್ಲಿ ಜೋಡಿಸಿ ಕೊಡುವುದಿಲ್ಲ. ಕಿಟಕಿಯ ಬಳಿ ನಿಂತಿದ್ದ ತನ್ವಿ ಯತೀಶನಿಗೆ, ಚೆನ್ನಾಗಿ ಕುಟ್ಟಿದೆ ಕಣೋ ಎಂದಳು.

ಗುಣಪಾಲ ರೇಷ್ಮೆಯ ಗಂಟನ್ನು ತಂಗಿಯ ಮುಂದಿಟ್ಟ. "ನಾನು ತಪ್ಪು ಮಾಡಿದೆ ಇಂದು. ಹೆದರಿದೆ. ಹೆದರಬೇಕಾದ್ದೇ ಇರಲಿಲ್ಲವಂತೆ. ನೀನು ತಿನ್ನು."

ಇಂದು ಗಂಟನ್ನು ನೋಡಿದಳು. ಮುಟ್ಟಲಿಲ್ಲ.

"ನಿನ್ನ ಮೇಲೆ ಕೋಪ ಇಲ್ಲ ಅಣ್ಣ. ಆದ್ರೆ ಇದು ನಾನು ತಿನ್ನುವಂಥದ್ದಲ್ಲ. ಅಪ್ಪನಿಂದ ಮಗನಿಗೆ ಹೋದದ್ದು, ನಿನ್ನ ಮನೆಯದ್ದು."

"ನಿನ್ನ ಮನೆ ನನ್ನ ಮನೆ ಅಂತ ಯಾವಾಗಿನಿಂದ?"

"ನೀನು ಅವರ ಹತ್ರ ಹೇಳಿದ ದಿನದಿಂದ." ಅವಳು ಗಂಟನ್ನು ಯತೀಶನ ಕಡೆ ಸರಿಸಿದಳು. "ಅತ್ತಿಗೆಗೆ ಕೊಡಿ. ಅವರೇ ಈಗ ಹಿರಿಯರು."

ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ. ಗುಣಪಾಲ ಗಂಟನ್ನು ಹೆಂಡತಿಯ ಮುಂದೆ ಹಿಡಿದ. ಆಶಾಲತಾ ಎರಡು ಹೆಜ್ಜೆ ಹಿಂದೆ ಸರಿದಳು.

"ನಾನು ಹೇಗೆ ತಿನ್ನುವುದು? ನಾನು ನನ್ನ ತಾಯಿಯ ಮನೆಯವಳು. ಮದುವೆಯಾಗಿ ಬಂದ ವರ್ಷ ನೀವೇ ಹೇಳಿದ್ದು."

"ನಿನ್ನ ಮಗ ತಂದದ್ದು ಆಶಾ."

"ಮಗನಿಗೆ ಆಗಲಿ ಅಂತ ಆಸೆಪಟ್ಟೆ. ಇಂದುವಿನದ್ದು ಕಿತ್ತು ತಿನ್ನಬೇಕು ಅಂತ ಅಲ್ಲ." ಅವಳು ಅಳುತ್ತಿದ್ದಳು. ಅಳುತ್ತಲೇ ಅನ್ನದ ಪಾತ್ರೆ ಮೇಜಿಗೆ ತಂದಿಟ್ಟಳು.

ಸೋನಾಲಿ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಈ ರೊಟ್ಟಿ ಎಲ್ಲಿಡಲಿ ಮಾವ ಎಂದು ಕೇಳಿದಳು. ಮನೆಯ ಹಿರಿಯ ಹೆಂಗಸು ತಿನ್ನದೆ ಉಳಿದವರು ತಿನ್ನುವಂತಿಲ್ಲ. ಬಿಸಾಡುವಂತೆಯೂ ಇಲ್ಲ. ಕೊನೆಗೆ ಗುಣಪಾಲ, ಇಂದು ಕೂರುತ್ತಿದ್ದ ಜಾಗದಲ್ಲಿ ಒಂದು ತಟ್ಟೆ ಇಟ್ಟು, ರೇಷ್ಮೆ ಬಿಚ್ಚಿ, ರೊಟ್ಟಿಯನ್ನು ಅದರಲ್ಲಿಟ್ಟ. ಅರ್ಧ ತಿಂದ ರೊಟ್ಟಿ, ಅದರ ಮೇಲೆ ಗರಾಜಿನ ಬಳ್ಳಿಯ ಮೆಣಸಿನ ಕಪ್ಪು ತರಿ.

ಎಲ್ಲರೂ ಕೂತು ಊಟ ಮಾಡಿದರು. ತಟ್ಟೆಗಳನ್ನು ತೊಳೆದಿಟ್ಟರು. ಆ ಒಂದು ತಟ್ಟೆ ಮಾತ್ರ ಮೇಜಿನ ಮೇಲೆಯೇ ಉಳಿಯಿತು, ಮರುದಿನವೂ ಇತ್ತು, ಅದರ ಮರುದಿನವೂ.